ದೊಡ್ಡ ತೆರೆಯಲ್ಲೂ ಮನಸ್ಸಿಗೆ ನಾಟದ ‘ಇಂಟರ್‌ಸ್ಟೆಲ್ಲರ್’

ಬದುಕಲಾಗದಂತಾಗುತ್ತಿರುವ ಭೂಮಿಗೆ ಬದಲಿ ನೆಲೆ ಹುಡುಕಿ ಬಾಹ್ಯಾಕಾಶಕ್ಕೆ ಹೊರಟವರ ಕತೆಯಾದ, ಕ್ರಿಸ್ಟೋಫರ್ ನೋಲನ್ ನಿರ್ದೇಶನದ ‘ಇಂಟರ್‌ಸ್ಟೆಲ್ಲರ್’ 2014ರ ನವೆಂಬರ್‌ನಲ್ಲಿ ತೆರೆಕಂಡಾಗ ನೋಡಿ, ಅಷ್ಟಾಗಿ ಹಿಡಿಸದೆ ಹೊರಬಂದಿದ್ದೆ. ಸಾಧಾರಣ ಚಿತ್ರಮಂದಿರದಲ್ಲಿ, ಮುಂದಿನ ಸಾಲಿನ ಮೂಲೆಯಲ್ಲಿ ಕೂತು ನೋಡಿದ್ದರಿಂದ ಕೊರತೆ ನನ್ನ ನೋಟದ್ದೇ ಇರಬಹುದೆಂಬ ಅನುಮಾನ ಉಳಿದಿತ್ತು. ಆದ್ದರಿಂದ 2025ರ ಫೆಬ್ರುವರಿ 7ರಂದು ಚಿತ್ರ ಭಾರತದಲ್ಲಿ ಐಮ್ಯಾಕ್ಸ್ ತೆರೆಗೆ ಮರಳಿದಾಗ, ಈ ಬಾರಿಯಾದರೂ ಅದಕ್ಕೆ ನ್ಯಾಯ ಸಲ್ಲಿಸೋಣವೆಂದು ನಡುಸಾಲಿನ ಟಿಕೆಟ್ ಕೊಂಡು ಹೋದೆ. 169 ನಿಮಿಷ ಕಣ್ಣು ತಪ್ಪಿಸದೆ ನೋಡಿದ ಮೇಲೂ ನನ್ನ ಅಭಿಪ್ರಾಯ ಬದಲಾಗಲಿಲ್ಲ.

ತೆರೆ ದೊಡ್ಡದಾದಾಗ ಏನು ಸಿಗುತ್ತದೆಂಬುದನ್ನು ಮೊದಲು ಹೇಳಬೇಕು. ಐಮ್ಯಾಕ್ಸ್ ಕ್ಯಾಮೆರಾದಲ್ಲಿ ತೆಗೆದ ದೃಶ್ಯ ಬಂದೊಡನೆ ಮೇಲೆ ಕೆಳಗಿನ ಕಪ್ಪು ಪಟ್ಟಿಗಳು ಸರಿದು ಇಡೀ ತೆರೆ ತುಂಬಿಕೊಳ್ಳುತ್ತದೆ. ಶನಿಗ್ರಹದ ಬಳೆಯ ಪಕ್ಕದಲ್ಲಿ ನೌಕೆ ಒಂದು ಚುಕ್ಕೆಯಷ್ಟಾಗಿ ಹಾದುಹೋಗುವುದನ್ನು ಮನೆಯ ಟಿವಿಯಲ್ಲಿ ನೋಡಿ ತೃಪ್ತಿಪಡಲಾಗದು. ಲಂಡನ್ನಿನ ಟೆಂಪಲ್ ಚರ್ಚಿನ ಆರ್ಗನ್ ವಾದ್ಯ ಬಳಸಿ ಹ್ಯಾನ್ಸ್ ಝಿಮ್ಮರ್ ಮಾಡಿದ ಸಂಗೀತ ಕುರ್ಚಿಯ ಹಿಡಿಯನ್ನೂ ನಡುಗಿಸುತ್ತದೆ. ಆದರೂ ನನಗೆ ತುಂಬ ಇಷ್ಟವಾದದ್ದು ಭೂಮಿಯ ಮೇಲಿನ ಭಾಗವೇ. ಕೆನಡಾದ ಆಲ್ಬರ್ಟಾದಲ್ಲಿ ಸುಮಾರು 500 ಎಕರೆ ಮೆಕ್ಕೆಜೋಳ ಬೆಳೆಸಿ ಚಿತ್ರೀಕರಿಸಿದ ಆ ಹೊಲಗಳು, ಧೂಳು ಕೂರದಂತೆ ಊಟದ ಮೇಜಿನ ಮೇಲೆ ಬೋರಲು ಹಾಕಿಟ್ಟ ತಟ್ಟೆಗಳು, ದಿಕ್ಕು ದೆಸೆಯಿಲ್ಲದೆ ಹಾರುತ್ತಿರುವ ಭಾರತೀಯ ವಾಯುಪಡೆಯ ಡ್ರೋನ್ ಒಂದನ್ನು ಅಪ್ಪ ಮಕ್ಕಳು ಪಿಕಪ್ ಟ್ರಕ್ಕಿನಲ್ಲಿ ಅಟ್ಟಿಸಿಕೊಂಡು ಹೋಗುವುದು: ಲೋಕ ಮುಗಿಯುತ್ತ ಬಂದಿದೆಯೆಂದು ಯಾರ ಬಾಯಿಂದಲೂ ಹೇಳಿಸದೆ ಇವು ತಿಳಿಸಿಬಿಡುತ್ತವೆ.

ಚಿತ್ರ ಈ ಸಂಯಮವನ್ನು ಮುಂದೆ ಕೈಬಿಡುವುದೇ ನನ್ನ ತಕರಾರು. ಬಾಹ್ಯಾಕಾಶದ ಎರಡು ದೂರದ ಜಾಗಗಳನ್ನು ಬೆಸೆಯುವ ಸುರಂಗದಂಥ ವರ್ಮ್‌ಹೋಲ್‌ನ ಬಾಗಿಲಿಗೆ ಬಂದು ನಿಂತಿರುವ ಪೈಲಟ್ ಕೂಪರ್‌ಗೆ ಸಹಯಾತ್ರಿ ರೊಮಿಲಿ ಕಾಗದ ಮಡಚಿ, ಪೆನ್ನಿನಿಂದ ತೂತು ಮಾಡಿ ಅದು ಏನೆಂದು ವಿವರಿಸುತ್ತಾನೆ. ಇಷ್ಟು ದೂರ ಬರುವ ಮೊದಲೇ ಕೂಪರ್‌ಗೆ ಅದು ಗೊತ್ತಿರಬೇಕಿತ್ತು. ಆ ಪಾಠ ನಮಗಾಗಿಯೇ ಹೊರತು ಅವನಿಗಾಗಿ ಅಲ್ಲ. ಪ್ರೀತಿಯೆಂಬುದು ಕಾಲ ದೇಶಗಳನ್ನು ದಾಟುವ ಶಕ್ತಿಯೆಂದು ಆನ್ ಹ್ಯಾಥವೇ ನಟಿಸಿದ ಸಹಯಾತ್ರಿ ಬ್ರ್ಯಾಂಡ್ ಮಾಡುವ ಭಾಷಣವೂ ಅಂಥದ್ದೇ. ಕಡೆಗೆ ಕಪ್ಪುಕುಳಿಯೊಳಗೆ, ಮಗಳ ಕೋಣೆಯ ಪುಸ್ತಕದ ಕಪಾಟಿನ ಹಿಂದೆ ಸಿಕ್ಕಿಕೊಂಡ ಕೂಪರ್, ಕಣ್ಣೆದುರು ನಡೆಯುತ್ತಿರುವ ಒಂದೊಂದನ್ನೂ ಬಾಯಿಬಿಟ್ಟು ಹೇಳುತ್ತಲೇ ಹೋದಾಗ, ಆ ವಿಚಿತ್ರ ಜಾಗದ ಬೆರಗು ಕರಗಿ ಲೆಕ್ಕದ ಉತ್ತರವಷ್ಟೇ ಉಳಿಯುತ್ತದೆ. ವಿಪರ್ಯಾಸವೆಂದರೆ, ನಮಗೆ ನಿಜವಾಗಿ ಬೇಕಾದ ಮಾತು, ಈ ಯಾನವನ್ನು ಕಳಿಸಿದ, ಆಕೆಯ ತಂದೆ ಪ್ರೊಫೆಸರ್ ಬ್ರ್ಯಾಂಡ್ ಭೂಮಿಯ ಜನರನ್ನು ಉಳಿಸುವೆನೆಂದು ಹೇಳಿದ್ದು ಸುಳ್ಳೆಂದು ಸಾಯುವ ಹೊತ್ತಿನಲ್ಲಿ ಒಪ್ಪಿಕೊಳ್ಳುವ ಮಾತು, ಉಸಿರಿನಷ್ಟೇ ಮೆಲುವಾಗಿ ಬಂದು ಅರ್ಧಕ್ಕರ್ಧ ಕೇಳಿಸುವುದಿಲ್ಲ. ಇದು ಚಿತ್ರಮಂದಿರದ ದೋಷವಲ್ಲ. ಮಾತಿನ ಸ್ಪಷ್ಟತೆಗಿಂತ ಒಟ್ಟು ಧ್ವನಿಯ ಅನುಭವವೇ ಮುಖ್ಯವೆಂಬ ನಿಲುವನ್ನು ನೋಲನ್ ಚಿತ್ರ ಮೊದಲು ತೆರೆಕಂಡಾಗಲೇ ಸಮರ್ಥಿಸಿಕೊಂಡಿದ್ದರು.

ಒಂದು ದೃಶ್ಯಕ್ಕೆ ಮಾತ್ರ ಎರಡು ಸಲವೂ ಮನಸ್ಸು ಸೋತಿತು. ಒಂದು ಗಂಟೆ ಭೂಮಿಯ 7 ವರ್ಷಕ್ಕೆ ಸಮನಾದ ಗ್ರಹದಿಂದ ಹಿಂದಿರುಗಿದ ಕೂಪರ್, ಅಷ್ಟರಲ್ಲಿ ಕಳೆದುಹೋದ 23 ವರ್ಷಗಳ ವಿಡಿಯೊ ಸಂದೇಶಗಳನ್ನು ಒಂದೇ ಸಮನೆ ನೋಡುತ್ತಾನೆ. ಮಗ ಟಾಮ್ ತೆರೆಯ ಮೇಲೆಯೇ ದೊಡ್ಡವನಾಗುತ್ತಾನೆ, ಮದುವೆಯಾಗುತ್ತಾನೆ, ಮಗುವನ್ನು ಕಳೆದುಕೊಳ್ಳುತ್ತಾನೆ. ಕೂಪರ್ ಪಾತ್ರದ ಮ್ಯಾಥ್ಯೂ ಮೆಕಾನಹೆಯ ಮುಖ ನೋಡನೋಡುತ್ತಿದ್ದಂತೆ ಕುಸಿಯುತ್ತದೆ. ವಿವರಣೆಯ ಹಂಗಿಲ್ಲದ ಈ ಕೆಲವೇ ನಿಮಿಷಗಳಲ್ಲಿ ಕಾಲವೆಂದರೆ ಏನೆಂಬುದು ಎದೆಗೆ ತಾಕುತ್ತದೆ.

ಇದನ್ನು ನೋಡಿದ ಮೇಲೆ ಮುಕ್ತಾಯವನ್ನು ಒಪ್ಪುವುದು ನನಗೆ ಇನ್ನೂ ಕಷ್ಟವಾಯಿತು. ಇಡೀ ಚಿತ್ರ ಯಾವ ಭೇಟಿಗಾಗಿ ಕಾದಿತ್ತೋ ಅದು ಬಂದಾಗ, ಹಣ್ಣು ಹಣ್ಣು ಮುದುಕಿಯಾಗಿರುವ ಮಗಳು ಆಸ್ಪತ್ರೆಯ ಹಾಸಿಗೆಯಿಂದಲೇ ನಾಲ್ಕು ಮಾತನಾಡಿ, ಅಪ್ಪನನ್ನು ಬ್ರ್ಯಾಂಡ್‌ಳ ಬಳಿಗೆ ಹೊರಡಿಸಿಬಿಡುತ್ತಾಳೆ. ಅವನೂ ಸುತ್ತ ನಿಂತ ಮೊಮ್ಮಕ್ಕಳು ಮರಿಮಕ್ಕಳ ಮುಖ ನೋಡಿ ಮಾತನಾಡಿಸದೆ ಹೊರಡುತ್ತಾನೆ. ವರ್ಷಗಟ್ಟಲೆ ಅಪ್ಪನಿಗೆ ಸಂದೇಶ ಕಳಿಸಿದ ಟಾಮ್ ಏನಾದನೆಂದು ಅವನು ಕೇಳುವುದೂ ಇಲ್ಲ.