ರೂಟ್ ಕೆನಾಲ್ ಭಯ ಕಳೆಯಲು ಕ್ಲಿನಿಕ್‌ಗಳು ಕೊಡುವ ಸೌಲಭ್ಯಗಳು: ಯಾವುದಕ್ಕೆ ಎಷ್ಟು ಅಂಕ?

ಹೆಡ್‌ಫೋನ್, ಕುರ್ಚಿಯ ಮೇಲ್ಗಡೆ ಟಿವಿ, ಮೂಗಿಗೆ ಹಿಡಿಯುವ ಗ್ಯಾಸ್, ಹಿಂದಿನ ರಾತ್ರಿಗೊಂದು ಮಾತ್ರೆ. ರೂಟ್ ಕೆನಾಲ್, ಅಂದರೆ ಹಲ್ಲಿನೊಳಗಿನ ಕೆಟ್ಟ ತಿರುಳು ತೆಗೆದು ಕಾಲುವೆ ತೊಳೆದು ತುಂಬುವ ಚಿಕಿತ್ಸೆಯ ಭಯ ಇರುವವರಿಗಾಗಿ ದಂತ ಕ್ಲಿನಿಕ್‌ಗಳು ಇವನ್ನೆಲ್ಲ ಮುಂದಿಡುತ್ತವೆ. ಒಂದೊಂದೂ ಅಷ್ಟಿಷ್ಟು ಉಪಯೋಗಕ್ಕೆ ಬರುತ್ತದೆ. ಆದರೆ ಪೂರ್ತಿ ಅಂಕ ಸಲ್ಲಬೇಕಾದದ್ದು ಯಾವ ಬೋರ್ಡಿನಲ್ಲೂ ಕಾಣದ ಒಂದು ಸಣ್ಣ ಕೆಲಸಕ್ಕೆ: ಡ್ರಿಲ್ ಹಿಡಿಯುವ ಮೊದಲು ಹಲ್ಲು ನಿಜಕ್ಕೂ ಮರಗಟ್ಟಿದೆಯೇ ಎಂದು ಪರೀಕ್ಷಿಸುವುದು.

ಕೆಳದವಡೆಯ ಹಲ್ಲಿಗೆ ಬ್ಲಾಕ್ ಇಂಜೆಕ್ಷನ್ (ಆ ಬದಿಯ ನರವನ್ನೇ ಮರಗಟ್ಟಿಸುವ ಚುಚ್ಚುಮದ್ದು) ಕೊಟ್ಟ ಐದಾರು ನಿಮಿಷಕ್ಕೆ ತುಟಿ ಊದಿಕೊಂಡ ಹಾಗೆ ಅನ್ನಿಸತೊಡಗುತ್ತದೆ. ತುಟಿಗೆ ಜೋಮು ಹಿಡಿಯಿತೆಂದ ಮಾತ್ರಕ್ಕೆ ಹಲ್ಲಿಗೂ ಹಿಡಿಯಿತು ಎಂದಲ್ಲ. ಒಳಗಿನ ನರಕ್ಕೆ 10ರಿಂದ 15 ನಿಮಿಷ ಬೇಕಾಗಬಹುದು. ಒಳ್ಳೆಯ ವೈದ್ಯರು ಅಷ್ಟು ಹೊತ್ತು ಕಾದು, ಹತ್ತಿಯುಂಡೆಗೆ ಕೋಲ್ಡ್ ಸ್ಪ್ರೇ ಹೊಡೆದು ಹಲ್ಲಿಗೆ ಒತ್ತಿ ನೋಡುತ್ತಾರೆ. ಚುಳ್ ಎಂದರೆ ಇನ್ನೂ ಮರಗಟ್ಟಿಲ್ಲ. ಏನೂ ಅನ್ನಿಸದಿದ್ದರೂ ಒಳಗೆ ಸ್ವಲ್ಪ ನೋವು ಉಳಿದಿರುವ ಸಾಧ್ಯತೆ ಇದೆ, ಹಾಗಾಗಿ ಕೊರೆಯುವಾಗಲೂ ಕೇಳುತ್ತಿರಬೇಕು. ನರ ಈಗಾಗಲೇ ಸತ್ತಿರುವ ಹಲ್ಲಿಗೆ ಮಾತ್ರ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

"ಇಂಜೆಕ್ಷನ್ ಹಿಡಿಯಲೇ ಇಲ್ಲ" ಎಂಬ ದೂರು ಬರುವುದು ಹೆಚ್ಚಾಗಿ ಕೆಳಗಿನ ದವಡೆ ಹಲ್ಲುಗಳಿಂದ, ಅದರಲ್ಲೂ ರಾತ್ರಿಯಿಡೀ ಸಿಡಿಯುತ್ತಿದ್ದ ಹಲ್ಲಿನಿಂದ. ಉರಿಯೂತದಿಂದ ಕೆರಳಿದ ನರವನ್ನು ಸುಮ್ಮನಾಗಿಸುವುದು ಕಷ್ಟ. ರೋಗಿ ಅಂಜುಬುರುಕ ಎಂಬುದು ಇದಕ್ಕೆ ಕಾರಣವೇ ಅಲ್ಲ. ಹಾಗೆ ಗದರಿಸುವ ಕ್ಲಿನಿಕ್‌ಗೆ ಮತ್ತೆ ಹೋಗಬೇಕಿಲ್ಲ. ಇಂಥ ಹೊತ್ತಿಗೆ ದಾರಿಗಳಿವೆ: ಹಲ್ಲಿನ ಕೆನ್ನೆ ಬದಿಗೆ 4% ಆರ್ಟಿಕೇನ್ ಎಂಬ ಮರಗಟ್ಟಿಸುವ ಔಷಧ, ಅದಕ್ಕೂ ಬಗ್ಗದಿದ್ದರೆ ಹಲ್ಲು ಮತ್ತು ಮೂಳೆಯ ನಡುವಿನ ಸಂದಿಗೆ ಇಂಜೆಕ್ಷನ್, ಕೊನೆಗೆ ನೇರವಾಗಿ ಹಲ್ಲಿನ ತಿರುಳಿಗೆ. ಈ ಕೊನೆಯದು ಕೆಲವು ಕ್ಷಣ ಚೆನ್ನಾಗಿಯೇ ನೋಯುತ್ತದೆ, ಮೊದಲೇ ಹೇಳಿ ಚುಚ್ಚಿದರೆ ಸಹಿಸಬಹುದು. ಫೋನಿನಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ "ಮೊದಲ ಇಂಜೆಕ್ಷನ್ ಹಿಡಿಯದಿದ್ದರೆ ಏನು ಮಾಡುತ್ತೀರಿ?" ಎಂದು ಕೇಳಿ. ಉತ್ತರದಲ್ಲೇ ಕ್ಲಿನಿಕ್ ಎಂಥದ್ದು ಎಂದು ಗೊತ್ತಾಗುತ್ತದೆ.

ಸೂಜಿಯ ನೋವಿಗೂ ಉಪಾಯ ಇದೆ. ಒಸಡನ್ನು ಒರೆಸಿ ಒಣಗಿಸಿ ಮರಗಟ್ಟಿಸುವ ಜೆಲ್ ಹಚ್ಚಿ ಒಂದೆರಡು ನಿಮಿಷ ಬಿಡಬೇಕು. ಎಂಜಲಿನ ಮೇಲೆ ಹಚ್ಚಿ ತಕ್ಷಣ ಚುಚ್ಚಿದರೆ ಜೆಲ್ ಇದ್ದೂ ಇಲ್ಲದ ಹಾಗೆ. ಔಷಧವನ್ನು ನಿಮಿಷಕ್ಕೆ ಸುಮಾರು 1 ಮಿ.ಲೀ.ನಂತೆ ನಿಧಾನವಾಗಿ ಬಿಡಬೇಕು. ಔಷಧದಲ್ಲಿ ಅಡ್ರಿನಾಲಿನ್ ಬೆರೆತಿದ್ದರೆ ಎದೆ ಡವಡವ ಎನ್ನಬಹುದು, ಕೈ ನಡುಗಬಹುದು. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಭಯ ಇರುವವರು ಇದನ್ನೇ ಅಲರ್ಜಿ ಎಂದುಕೊಂಡು ಕಂಗಾಲಾಗುತ್ತಾರೆ, ಮೊದಲೇ ತಿಳಿಸಿದರೆ ಅರ್ಧ ಗಾಬರಿ ತಪ್ಪುತ್ತದೆ. ಹೃದ್ರೋಗ, ಬಿಪಿ ಇದ್ದವರು ಮಾತ್ರ ಮುಂಚೆಯೇ ಹೇಳಲೇಬೇಕು.

ರಬ್ಬರ್ ಡ್ಯಾಮ್, ಅಂದರೆ ಕೆಲಸ ಮಾಡುವ ಹಲ್ಲನ್ನಷ್ಟೇ ಹೊರಗೆ ಬಿಟ್ಟು ಬಾಯಿಗೆ ಅಡ್ಡ ಕಟ್ಟುವ ರಬ್ಬರ್ ಹಾಳೆ ಕಂಡರೆ ಹಲವರಿಗೆ ಉಸಿರು ಕಟ್ಟುತ್ತದೆ. ಆದರೂ ಇದು ಬೇಡವೆನ್ನಬಾರದ ಸಾಧನ. ಹಲ್ಲಿನ ಕಾಲುವೆ ತೊಳೆಯುವ ಸೋಡಿಯಂ ಹೈಪೊಕ್ಲೋರೈಟ್ ಅಂದರೆ ಬ್ಲೀಚ್ ದ್ರಾವಣ. ಅದು ಗಂಟಲಿಗಿಳಿಯದಂತೆ, ಕಾಲುವೆ ಕೆರೆಯುವ ಕೂದಲೆಳೆಯಂಥ ಉಪಕರಣ ಫೈಲ್ ಜಾರಿದರೆ ನುಂಗದಂತೆ ತಡೆಯುವುದು ಈ ಹಾಳೆಯೇ. ಎಂಜಲಿನ ಬ್ಯಾಕ್ಟೀರಿಯಾ ಒಳಸೇರುವುದನ್ನೂ ನಿಲ್ಲಿಸುತ್ತದೆ. ಮೂಗಿನಿಂದ ಉಸಿರಾಡಬೇಕಾದ್ದರಿಂದ ಶೀತ ಇದ್ದರೆ ಅಪಾಯಿಂಟ್‌ಮೆಂಟ್ ಮುಂದೂಡುವುದೇ ಲೇಸು. ಬಾಯಿ ಅಗಲಿಸಿ ದವಡೆ ಸೋಲುತ್ತದೆ ಎನ್ನುವವರು ಕಚ್ಚಿಕೊಳ್ಳುವ ರಬ್ಬರ್ ಬ್ಲಾಕ್ ಕೇಳಿ ಪಡೆಯಬೇಕು.

ನೈಟ್ರಸ್ ಆಕ್ಸೈಡ್ ಗ್ಯಾಸ್ ಒಳ್ಳೆಯದು. ಮನಸ್ಸು ಹಗುರಾಗುತ್ತದೆ, ನಿಲ್ಲಿಸಿ ಆಕ್ಸಿಜನ್ ಕೊಟ್ಟ ಕೆಲವು ನಿಮಿಷಕ್ಕೆ ಮಂಪರು ಇಳಿಯುತ್ತದೆ. ಆದರೆ ಅದು ಇಂಜೆಕ್ಷನ್‌ಗೆ ಬದಲಿ ಅಲ್ಲ, ಮೂಗು ಕಟ್ಟಿದ್ದರೆ ಕೆಲಸವನ್ನೂ ಮಾಡದು. ಮಾತ್ರೆಯ ಸೆಡೇಶನ್ (ಮಂಪರು ಬರಿಸುವುದು) ಭಯ ತೀವ್ರವಿದ್ದವರಿಗೆ ತಕ್ಕದ್ದು. ಜೊತೆಗೊಬ್ಬರು ಬರಲೇಬೇಕು, ಆ ದಿನ ಗಾಡಿ ಓಡಿಸುವಂತಿಲ್ಲ, ಮದ್ಯ ಮುಟ್ಟುವಂತಿಲ್ಲ. ಹೆಡ್‌ಫೋನ್ ಡ್ರಿಲ್ಲಿನ ಕೀರಲು ಸದ್ದನ್ನು ತಗ್ಗಿಸುತ್ತದೆ, ವೈದ್ಯರ ಮಾತು ಕೇಳಿಸಲು ಒಂದು ಕಿವಿ ಬಿಟ್ಟುಕೊಳ್ಳಿ. ಇವೆಲ್ಲಕ್ಕಿಂತ ಖರ್ಚೇ ಇಲ್ಲದ ಒಂದು ಒಪ್ಪಂದ ಮೇಲು: ಎಡಗೈ ಎತ್ತಿದರೆ ಕೆಲಸ ನಿಲ್ಲಬೇಕು. ಶುರುವಿನಲ್ಲೇ ಸುಮ್ಮನೆ ಒಮ್ಮೆ ಎತ್ತಿ ನೋಡಿ. ನಿಲ್ಲಿಸಿದರು ಎಂದರೆ ಮೈಯ ಬಿಗಿತ ತಾನಾಗಿ ಸಡಿಲವಾಗುತ್ತದೆ.

ಮನೆಯ ಸಿದ್ಧತೆ ದೊಡ್ಡದೇನಲ್ಲ. ಬರೀ ಸ್ಥಳೀಯ ಅರಿವಳಿಕೆ ಆದರೆ ಒಂದೆರಡು ಗಂಟೆ ಮೊದಲು ಊಟ ಮಾಡಿ. ಖಾಲಿ ಹೊಟ್ಟೆಗೆ ತಲೆಸುತ್ತು ಬೇಗ ಬರುತ್ತದೆ. ಸೆಡೇಶನ್ ಇದ್ದರೆ ಕ್ಲಿನಿಕ್ ಹೇಳಿದಷ್ಟು ಹೊತ್ತು ಉಪವಾಸ. ರಕ್ತ ತೆಳುಮಾಡುವ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ. ಒಂದು ಗಂಟೆ ಮೊದಲು ಐಬುಪ್ರೊಫೆನ್ ತೆಗೆದುಕೊಂಡರೆ ಕೆರಳಿದ ಹಲ್ಲಿಗೆ ಬ್ಲಾಕ್ ಹಿಡಿಯುವ ಸಾಧ್ಯತೆ ಹೆಚ್ಚು, ಆದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬಾವು, ಜ್ವರ ಇಲ್ಲದ ಹಲ್ಲುನೋವಿಗೆ ಆ್ಯಂಟಿಬಯಾಟಿಕ್ ನುಂಗಿ ಪ್ರಯೋಜನವಿಲ್ಲ.

ಮುಗಿದ ಮೇಲೆ ಜೋಮು ಇಳಿಯಲು ಮೂರರಿಂದ ಐದು ಗಂಟೆ ಬೇಕಾಗಬಹುದು. ಅಲ್ಲಿಯವರೆಗೆ ಬಿಸಿ ಕುಡಿದರೆ, ಗಟ್ಟಿ ಅಗಿದರೆ ನಾಲಿಗೆ ಸುಟ್ಟದ್ದೂ ಕೆನ್ನೆ ಕಚ್ಚಿದ್ದೂ ಗೊತ್ತಾಗುವುದಿಲ್ಲ. ಎರಡು ಮೂರು ದಿನ ಕಚ್ಚಿದಾಗ ನೋವು ಸಹಜ. ಊತ ಏರುತ್ತಿದ್ದರೆ, ಜ್ವರ ಬಂದರೆ, ನುಂಗಲು ಕಷ್ಟವಾದರೆ ಮರುದಿನಕ್ಕೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ನೋವು ಹೋಯಿತೆಂದು ದವಡೆ ಹಲ್ಲಿಗೆ ಕ್ಯಾಪ್ ಹಾಕಿಸದೆ ತಿಂಗಳುಗಟ್ಟಲೆ ಬಿಟ್ಟರೆ ಹಲ್ಲು ಸೀಳಿಹೋಗಬಹುದು, ಬೇರಿನವರೆಗೆ ಸೀಳಿದ ಹಲ್ಲನ್ನು ಕೀಳಿಸುವುದೇ ಗತಿ. ಹೊರಡುವ ಮೊದಲು ಕ್ಯಾಪ್‌ನ ತಾರೀಖನ್ನೂ ಬರೆಸಿಕೊಳ್ಳಿ.