ಯೆಜ್ಡಿ ಕ್ರ್ಯಾಂಕ್‌ಗೆ ಮೂರು ಬಗೆಯ ಬೇರಿಂಗ್: ಹಾಕಿ ನೋಡಿದ ಮೇಲೆ

ನಮ್ಮ ಮನೆಯಲ್ಲಿ ಎರಡು ಯೆಜ್ಡಿ ಬೈಕ್ ಇವೆ. ಒಂದು ಅಪ್ಪ ಓಡಿಸುತ್ತಿದ್ದ 1974ರ ಗಾಡಿ, ಇನ್ನೊಂದು ಚಿಕ್ಕಪ್ಪನ ರೋಡ್‌ಕಿಂಗ್. ಎರಡೂ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದವು. 1996ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಪಿಸ್ಟನ್ನಿಗೂ ಅಲೆದಾಟ, ಸೈಲೆನ್ಸರಿಗೂ ಅಲೆದಾಟ. ಬೇರಿಂಗ್, ಅಂದರೆ ಎರಡು ರಿಂಗಿನ ನಡುವೆ ಉಕ್ಕಿನ ಗುಂಡು ಉರುಳುವ ಸಾಮಾನು, ಮಾತ್ರ ಹಾಗಲ್ಲ. ಅದು ಅಂತರರಾಷ್ಟ್ರೀಯ ಅಳತೆಯ ಸಾಮಾನು. ನೀರೆತ್ತುವ ಮೋಟಾರಿಗೆ ಹಾಕುವುದನ್ನೇ ಬೈಕಿಗೂ ಹಾಕಬಹುದು ಎಂದು ಅಂಗಡಿಯವರು ಧೈರ್ಯವಾಗಿ ಹೇಳುತ್ತಾರೆ. ಆ ಮಾತನ್ನು ನಂಬಿ ಒಂದೇ ಎಂಜಿನ್ನನ್ನು ಎರಡು ಸಲ ಬಿಚ್ಚಿದ್ದೇನೆ. ಮೂರು ಕಡೆಯಿಂದ ತಂದ ಬೇರಿಂಗ್‌ಗಳನ್ನು ಹಾಕಿ ನೋಡಿದ ಮೇಲೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಲ ತಂದದ್ದು ಸ್ಪೇರ್ ಪಾರ್ಟ್ಸ್ ಅಂಗಡಿಯ ‘ಫುಲ್ ಕಿಟ್’. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ಶಾಫ್ಟ್) ಬೇರಿಂಗ್, ಗೇರ್‌ಬಾಕ್ಸ್ ಬೇರಿಂಗ್, ಆಯಿಲ್ ಸೀಲ್, ಪ್ಯಾಕಿಂಗ್ ಎಲ್ಲ ಸೇರಿತ್ತು. ಬೆಲೆ ಕಡಿಮೆ, ಅಲೆದಾಟ ಇಲ್ಲ. ಬೇರಿಂಗ್‌ನ ಎರಡೂ ಬದಿಗೆ ಕಪ್ಪು ರಬ್ಬರ್ ಮುಚ್ಚಳ ಇತ್ತು. ಧೂಳು ಹೋಗುವುದಿಲ್ಲ, ಒಳ್ಳೆಯದೇ ಎಂದುಕೊಂಡೆ. ಅದೇ ದೊಡ್ಡ ತಪ್ಪು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಬೇರಿಂಗ್‌ಗೆ ಎಣ್ಣೆ ಸಿಗುವುದು ಪೆಟ್ರೋಲಿಗೆ ಬೆರೆಸಿದ ಆಯಿಲ್‌ನಿಂದ. ಮುಚ್ಚಳ ಇದ್ದರೆ ಆ ಎಣ್ಣೆ ಗುಂಡುಗಳನ್ನು ಸರಿಯಾಗಿ ಮುಟ್ಟುವುದೇ ಇಲ್ಲ. ಒಳಗೆ ಕಂಪನಿಯವರು ತುಂಬಿದ ಗ್ರೀಸನ್ನು ಪೆಟ್ರೋಲ್ ಸ್ವಲ್ಪಸ್ವಲ್ಪವಾಗಿ ತೊಳೆದುಬಿಡುತ್ತದೆ. ಕೊನೆಗೆ ಗ್ರೀಸೂ ಇಲ್ಲ, ಎಣ್ಣೆಯೂ ಇಲ್ಲ. ಸಾವಿರ ಕಿಲೋಮೀಟರ್ ಮುಟ್ಟುವ ಮೊದಲೇ ಮೂರನೇ ಗೇರಿನಲ್ಲಿ ‘ಗುಂಯ್’ ಎನ್ನುವ ದನಿ ಶುರುವಾಯಿತು. ಕ್ಲಚ್ ಹಿಡಿದರೂ ನಿಲ್ಲಲಿಲ್ಲ, ಎಂಜಿನ್ ವೇಗಕ್ಕೆ ತಕ್ಕಂತೆ ಏರಿತು, ಇಳಿಯಿತು. ದನಿ ಕ್ರ್ಯಾಂಕಿನದೇ ಎಂದು ಅಲ್ಲಿಗೆ ಖಾತ್ರಿಯಾಯಿತು.

ಬಿಚ್ಚಿದಾಗ ಇನ್ನೊಂದು ಸಂಗತಿ ಕಂಡಿತು. ಗುಂಡು ಉರುಳುವ ಹಾದಿಯಲ್ಲಿ ಸಮ ಅಂತರದಲ್ಲಿ ಸಣ್ಣ ಸಣ್ಣ ಗುಳಿಗಳು, ಗುಂಡುಗಳಿಗೆ ಎಷ್ಟು ಅಂತರವೋ ಅಷ್ಟೇ. ಓಡಿ ಸವೆದದ್ದಾದರೆ ಹಾದಿಯುದ್ದಕ್ಕೂ ಹರಡಿರಬೇಕಿತ್ತು. ಇದು ಕೂರಿಸುವಾಗ ಬಿದ್ದ ಪೆಟ್ಟು. ಹೊರಗಿನ ರಿಂಗು ಕೇಸಿನೊಳಗೆ, ಅಂದರೆ ಎಂಜಿನ್ನಿನ ಅಲ್ಯೂಮಿನಿಯಂ ಕವಚದೊಳಗೆ, ಬಿಗಿಯಾಗಿ ಹೋಗಬೇಕಿತ್ತು, ಆದರೆ ಸುತ್ತಿಗೆ ಬಿದ್ದದ್ದು ಒಳಗಿನ ರಿಂಗಿನ ಮೇಲೆ. ಬಲವೆಲ್ಲ ಗುಂಡುಗಳ ಮೂಲಕ ದಾಟಿದೆ. ಬೇರಿಂಗ್ ಒಂದು ಸುತ್ತು ತಿರುಗುವ ಮೊದಲೇ ಅರ್ಧ ಹಾಳಾಗಿತ್ತು. ಹೀಗಾಗಿ ಕಿಟ್ಟಿನ ಮೇಲೆ ಪೂರ್ತಿ ತಪ್ಪು ಹೊರಿಸಲಾರೆ. ಆ ಸುತ್ತಿಗೆ ನನ್ನ ಕೈಯಲ್ಲೇ ಇತ್ತು.

ಎರಡನೇ ಸಲ ಹಳೆಯ ಸ್ಟಾಕ್ ಹುಡುಕಿದೆ. ಬೆಂಗಳೂರಿನ ಭಾನುವಾರದ ಗುಜರಿ ಸಂತೆಯಲ್ಲಿ ಎಣ್ಣೆ ಕಾಗದ ಸುತ್ತಿದ ಝೆಡ್‌ಕೆಎಲ್ ಬೇರಿಂಗ್ ಸಿಕ್ಕಿತು, ಚೆಕೊಸ್ಲೊವಾಕಿಯಾದ ಮಾಲು. ಯೆಜ್ಡಿಗೆ ಮೂಲವಾದ ಜಾವಾ ಬೈಕಿನ ತವರೂ ಅದೇ ದೇಶ. ಆ ಮಾಲನ್ನು ಕೈಯಲ್ಲಿ ಹಿಡಿದಾಗ ಆದ ಸಂತೋಷವನ್ನು ಹಳೆ ಗಾಡಿ ಇಟ್ಟವರಿಗೆ ಬಿಡಿಸಿ ಹೇಳಬೇಕಿಲ್ಲ. ಉಕ್ಕು, ಪಾಲಿಶ್ ಎರಡೂ ಕಣ್ಣಿಗೆ ಒತ್ತಿಕೊಳ್ಳುವಂತಿದ್ದವು. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಬೆರಳಲ್ಲಿ ನಿಧಾನಕ್ಕೆ ತಿರುಗಿಸಿದೆ. ಒಂದು ನುಣ್ಣಗೆ ತಿರುಗಿತು, ಇನ್ನೊಂದು ಒಂದೇ ಜಾಗದಲ್ಲಿ ಕರಕರ ಎಂದಿತು. ಬೆಳಕಿಗೆ ಹಿಡಿದರೆ ಹಾದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ತುಕ್ಕಿನ ಚುಕ್ಕೆ. ದಶಕಗಟ್ಟಲೆ ಒಂದೇ ಭಂಗಿಯಲ್ಲಿ ಕೂತ ಗ್ರೀಸ್ ಒಣಗಿ, ಅಲ್ಲಿ ತೇವ ಹಿಡಿದಿದೆ. ಅದನ್ನು ಅಲ್ಲೇ ಬಿಟ್ಟೆ. ಚೆನ್ನಾಗಿದ್ದದ್ದನ್ನು ರೋಡ್‌ಕಿಂಗ್‌ನ ಒಂದು ಬದಿಗೆ ಹಾಕಿದೆ. ಆದರೆ ಅದರ ಮೈಮೇಲೆ ಬರೀ ಸಂಖ್ಯೆ ಇತ್ತು, ಒಳಗೆ ಸಡಿಲ ಹೆಚ್ಚು ಎಂದು ಹೇಳುವ ‘ಸಿ3’ ಗುರುತು ಇರಲಿಲ್ಲ. ಕೇಸ್ ಮುಚ್ಚಿ ಬೋಲ್ಟ್ ಬಿಗಿ ಮಾಡಿದ ಮೇಲೆ ಕ್ರ್ಯಾಂಕ್ ತಿರುಗಿಸಿದರೆ ಕೈಗೆ ಭಾರ. ಆ ಭಾರದೊಂದಿಗೇ ಎಂಜಿನ್ ಕೂರಿಸಲು ಮನಸ್ಸು ಬರಲಿಲ್ಲ, ಮತ್ತೆ ಬಿಚ್ಚಿದೆ.

ಈ ಸಿ3 ವಿಷಯವನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ದುಡ್ಡು ಉಳಿಯುತ್ತಿತ್ತು. 6305 ಎಂಬ ಬೇರಿಂಗನ್ನೇ ತೆಗೆದುಕೊಳ್ಳಿ. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ, ಅಂದರೆ 25 ಮಿಮೀ. ಹೊರವ್ಯಾಸ 62, ದಪ್ಪ 17. ಇಷ್ಟೂ ಎಲ್ಲ ಕಂಪನಿಗೂ ಒಂದೇ. ಆದರೆ ಗುಂಡು ಮತ್ತು ರಿಂಗಿನ ನಡುವಿನ ಸಡಿಲ ಒಂದೇ ಅಲ್ಲ. ಸಾಮಾನ್ಯ ಬೇರಿಂಗಿನಲ್ಲಿ ಅದು 5ರಿಂದ 20 ಮೈಕ್ರಾನ್, ಸಿ3 ಬೇರಿಂಗಿನಲ್ಲಿ 13ರಿಂದ 28. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್, ಆ ಲೆಕ್ಕದಲ್ಲಿ ಇದು ಏನೂ ಅಲ್ಲ ಅನಿಸಬಹುದು. ಆದರೆ ಶಾಫ್ಟ್ ಬಿಗಿಯಾಗಿ ಒಳಹೊಕ್ಕಾಗ ಒಳರಿಂಗು ಹಿಗ್ಗುತ್ತದೆ, ಕೇಸು ಹಿಡಿದಾಗ ಹೊರರಿಂಗು ಕುಗ್ಗುತ್ತದೆ, ಓಡಿ ಕಾದಾಗ ಒಳರಿಂಗು ಇನ್ನಷ್ಟು ಬಿಸಿಯಾಗುತ್ತದೆ. ಮೂರೂ ಸೇರಿ ಆ ಸಡಿಲವನ್ನೇ ತಿನ್ನುತ್ತವೆ. ಮೊದಲೇ ಐದಾರು ಮೈಕ್ರಾನ್ ಇದ್ದರೆ ಏನೂ ಉಳಿಯುವುದಿಲ್ಲ. ಹಳೆಯ ಚೆಕ್ ಮಾಲು ಕೆಟ್ಟದ್ದಲ್ಲ, ಈ ಕೆಲಸಕ್ಕೆ ಬಂದದ್ದಲ್ಲ ಅಷ್ಟೇ.

ಮೂರನೆಯ ದಾರಿಯೇ ಈಗ ನನ್ನ ದಾರಿ. ಬೈಕ್ ಸ್ಪೇರ್ ಅಂಗಡಿ ಬಿಟ್ಟು, ಬೇರಿಂಗ್ ಮಾತ್ರ ಮಾರುವ ಅಧಿಕೃತ ಡೀಲರ್ ಹತ್ತಿರ ಹೋಗುವುದು. ಗಾಡಿಯ ಹೆಸರನ್ನು ಅಲ್ಲಿ ಹೇಳುವುದೇ ಇಲ್ಲ. ಹಳೆ ಬೇರಿಂಗಿನ ಅಂಚಿನ ಸಂಖ್ಯೆ ಓದಿ, ವರ್ನಿಯರ್‌ನಲ್ಲಿ ಅಳೆದು ಖಾತ್ರಿ ಮಾಡಿಕೊಂಡು, ಚೀಟಿಯಲ್ಲಿ ಬರೆದುಕೊಂಡು ಹೋಗುತ್ತೇನೆ: ಸಂಖ್ಯೆ, ಸಿ3, ಮುಚ್ಚಳ ಇಲ್ಲದ ತೆರೆದ ಬೇರಿಂಗ್, ಉಕ್ಕಿನ ಕೇಜ್ (ಗುಂಡುಗಳನ್ನು ಅಂತರದಲ್ಲಿ ಹಿಡಿದಿಡುವ ಬಳೆ). ಪ್ಲಾಸ್ಟಿಕ್ ಕೇಜ್ ಇರುವುದನ್ನು ಕ್ರ್ಯಾಂಕ್‌ಗೆ ಬೇಡ ಎನ್ನುತ್ತೇನೆ, ಆ ಬಿಸಿಯಲ್ಲಿ ಅದರ ಮೇಲೆ ನನಗೆ ಭರವಸೆ ಇಲ್ಲ. ಎಸ್‌ಕೆಎಫ್ ಆಗಲಿ, ಜೈಪುರದ ಎನ್‌ಬಿಸಿ ಆಗಲಿ, ಅಸಲಿಯಾಗಿದ್ದರೆ ಎರಡರ ನಡುವೆ ನನಗೆ ವ್ಯತ್ಯಾಸ ಕಂಡಿಲ್ಲ. ಅಸಲಿ ಎನ್ನುವುದೇ ಮುಖ್ಯ. ದೊಡ್ಡ ಹೆಸರಿನ ನಕಲಿ ಡಬ್ಬಿಗಳು ಮಾರುಕಟ್ಟೆಯಲ್ಲಿ ಓಡಾಡುತ್ತವೆ, ಅದಕ್ಕೇ ಬಿಲ್ಲಿಲ್ಲದೆ ತೆಗೆದುಕೊಳ್ಳುವುದಿಲ್ಲ. ಕಿಟ್ಟಿಗಿಂತ ಸುಮಾರು ಎರಡು ಪಟ್ಟು ಹಣ ಆಯಿತು. ಎಂಜಿನ್ ಇನ್ನೊಮ್ಮೆ ಇಳಿಸುವ ಖರ್ಚಿನ ಮುಂದೆ ಅದು ಸಣ್ಣದು.

ಕೂರಿಸುವ ವಿಧಾನದಲ್ಲೂ ಸುತ್ತಿಗೆಯನ್ನು ಬಿಟ್ಟೆ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಬೇರಿಂಗ್ ಕೂರುವ 62 ಮಿಮೀ ಗೂಡಿರುವ ಕೇಸನ್ನು 120 ಡಿಗ್ರಿಗೆ ಕಾಯಿಸಿದರೆ ಗೂಡು 0.13 ಮಿಮೀಯಷ್ಟು ಅಗಲವಾಗುತ್ತದೆ. ರಾತ್ರಿಯೆಲ್ಲ ಫ್ರೀಜರ್‌ನಲ್ಲಿಟ್ಟ ಬೇರಿಂಗ್ ಇನ್ನೊಂದು 0.03 ಮಿಮೀ ಕುಗ್ಗಿರುತ್ತದೆ. ಗ್ಯಾಸ್ ಜ್ವಾಲೆ ಒಂದೇ ಕಡೆ ಬಿದ್ದರೆ ಕೇಸು ಡೊಂಕಾಗಬಹುದು, ಓವನ್ ವಾಸಿ. ಇನ್‌ಫ್ರಾರೆಡ್ ಥರ್ಮಾಮೀಟರನ್ನು ಇಲ್ಲಿ ನಂಬಬೇಡಿ, ಹೊಳೆಯುವ ಲೋಹದ ಮೇಲೆ ಕಡಿಮೆ ತೋರಿಸುತ್ತದೆ. ನೀರಿನ ಹನಿ ಚುಂಯ್ ಎಂದು ಆ ಕ್ಷಣವೇ ಆರಬೇಕು, ಅದೇ ನನ್ನ ಗುರುತು. ಬೇರಿಂಗ್ ಬಿಟ್ಟರೆ ತಾನಾಗಿಯೇ ‘ಟಕ್’ ಎಂದು ತಳಕ್ಕೆ ಕೂರುತ್ತದೆ. ಆ ಸದ್ದು ಕೇಳಿದ ದಿನ ನನಗೆ ಊಟ ಇನ್ನಷ್ಟು ರುಚಿಸಿತು. ಓರೆಯಾಗಿ ಸಿಕ್ಕಿಕೊಂಡರೆ ಬಡಿಯಬೇಡಿ. ಮತ್ತೆ ಕಾಯಿಸಿ ತೆಗೆದು ಹೊಸದಾಗಿ ಬಿಡಿ. ಹಳೆಯದನ್ನು ತೆಗೆಯುವಾಗ ಇಷ್ಟು ಸಲೀಸಲ್ಲ: ಬೇರಿಂಗೂ ಕೇಸಿನ ಜೊತೆಗೇ ಕಾಯುವುದರಿಂದ ಅಂತರ ಅರ್ಧಕ್ಕಿಂತ ಕಡಿಮೆ ಆಗಿರುತ್ತದೆ. ಕೇಸನ್ನು ಮಗುಚಿ ಮರದ ಹಲಗೆಗೆ ಒಮ್ಮೆ ತಟ್ಟಬೇಕಾಗುತ್ತದೆ.

ಅಪ್ಪನ ಗಾಡಿಯಲ್ಲಿ ಒಂದು ಗೂಡೇ ಸವೆದಿತ್ತು, ಬೇರಿಂಗ್ ಕೈಯಲ್ಲೇ ಒಳಗೆ ಜಾರುತ್ತಿತ್ತು. ಹಿಂದೆ ಯಾರೋ ಗೂಡಿನ ಸುತ್ತ ಪಂಚ್ ಹೊಡೆದು ಚುಕ್ಕೆ ಎಬ್ಬಿಸಿದ್ದರು. ಆ ಚುಕ್ಕೆಗಳು ಬೇಗ ಚಪ್ಪಟೆಯಾಗುತ್ತವೆ, ಬೇರಿಂಗನ್ನು ಓರೆಯಾಗಿ ಹಿಡಿಯುವುದೂ ಉಂಟು. ಬೇರಿಂಗ್ ಹಿಡಿಸುವ ಲಾಕ್‌ಟೈಟ್ ಅಂಟು ಹಾಕಿ ನೋಡಿದೆ. ಗೂಡು ಗುಂಡಗಿದ್ದು ಸ್ವಲ್ಪವೇ ಸಡಿಲ ಇದ್ದರೆ ಅದು ಸಾಕು. ಇಲ್ಲಿ ಗೂಡು ಮೊಟ್ಟೆಯಾಕಾರಕ್ಕೆ ಬಂದಿತ್ತು. ಕೊನೆಗೆ ಎರಡು ಕೇಸನ್ನೂ ಜೋಡಿಸಿ, ಎರಡೂ ಗೂಡು ಒಂದೇ ಸಾಲಿಗೆ ಬರುವಂತೆ ಬೋರ್ ಮಾಡಿ, ಸ್ಲೀವ್ (ಗೂಡಿನೊಳಗೆ ಕೂರುವ ಲೋಹದ ಬಳೆ) ಹಾಕಿಸಿದೆ. ಲೇತ್‌ನವರಿಗೆ ಹೊಸ ಬೇರಿಂಗನ್ನೇ ಕೈಗೆ ಕೊಟ್ಟು, “ಅಣ್ಣ, ಇದನ್ನೇ ಅಳೆದು ಮಾಡಿ, ಪುಸ್ತಕದ ಅಳತೆ ಬೇಡ” ಎಂದು ಕೇಳಿಕೊಂಡೆ.

ಕ್ರ್ಯಾಂಕನ್ನೂ ಆಗಲೇ ಡಯಲ್ ಗೇಜ್ (ಸಣ್ಣ ಡೊಂಕನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಹಾಕಿ ನೋಡಿಸಿದೆ. ಒತ್ತಿ ಜೋಡಿಸಿದ ಕ್ರ್ಯಾಂಕ್ ಅದು. ಕಾನ್ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕಂಬಿ) ಬದಲಿಸಿದ ಮೇಲೆ ಎರಡು ತುದಿ ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಎಂಥ ಬೇರಿಂಗೂ ಉಳಿಯುವುದಿಲ್ಲ. 0.02 ಮಿಮೀ ಒಳಗೆ ಬರುವವರೆಗೂ ತಾಮ್ರದ ಸುತ್ತಿಗೆಯಲ್ಲಿ ತಟ್ಟಿ ಸರಿಮಾಡಿಕೊಟ್ಟರು.

ಕೇಸ್ ಮುಚ್ಚಿ, ಕಾನ್ರಾಡ್ ಹಿಡಿದು ಮೇಲಕ್ಕೆತ್ತಿ ಬಿಟ್ಟೆ. ಕ್ರ್ಯಾಂಕ್ ತನ್ನ ಭಾರಕ್ಕೇ ಇಳಿದು, ಎರಡು ಸಲ ತೂಗಿ, ನಿಂತಿತು. ಲೀಟರಿಗೆ 40 ಮಿಲಿ ಆಯಿಲ್ ಬೆರೆಸಿ ಓಡಿಸುತ್ತಿದ್ದೇನೆ. ಮೈಸೂರಿಗೆ ಎರಡು ಸಲ ಹೋಗಿಬಂದಿದೆ, ಮೂರನೇ ಗೇರಿನಲ್ಲಿ ಈಗ ಸೈಲೆನ್ಸರ್ ದನಿ ಬಿಟ್ಟು ಬೇರೇನೂ ಕೇಳುವುದಿಲ್ಲ.