ಮೂರನೇ ಮಹಡಿಯ ಫಿಸಿಕ್ಸ್ ಟ್ಯೂಷನ್: ಏಳು ಭಾನುವಾರ, ಒಂದೇ ಪಾಠ

ನನ್ನದು ಪೀಣ್ಯದಲ್ಲಿ ಚಿಕ್ಕ ಪ್ರೆಸ್ ಶಾಪ್, ತಗಡು ಒತ್ತುವ ಕೆಲಸ. ಎರಡು ಪವರ್ ಪ್ರೆಸ್, ಒಂದು ಲೇತ್, ಮೂರು ಜನ ಹುಡುಗರು. ಓದಿದ್ದು ಐಟಿಐ. ಮಗಳು ಫಸ್ಟ್ ಪಿಯುಸಿ ಸೈನ್ಸ್. ಅವಳು ಹೋಗುವ ಫಿಸಿಕ್ಸ್ ಟ್ಯೂಷನ್ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಅದಕ್ಕೆ ಹೆಸರೂ ಇಲ್ಲ, ಬೋರ್ಡೂ ಇಲ್ಲ. ಮಹಾಲಕ್ಷ್ಮಿ ಮೆಟ್ರೋ ಸ್ಟೇಷನ್ನಿಂದ ನಡೆದು ಹೋಗಬಹುದು. ಒಂದು ಮನೆಯ ಮೂರನೇ ಮಹಡಿ, ಲಿಫ್ಟ್ ಇಲ್ಲ. ರಿಟೈರ್ ಆದ ಮೇಷ್ಟ್ರು, ಹನ್ನೆರಡು ಮಕ್ಕಳು, ಭಾನುವಾರ ಬೆಳಗ್ಗೆ ಎರಡೂವರೆ ಗಂಟೆ.

ಮುಂಚೆ ಒಂದು ದೊಡ್ಡ ಕೋಚಿಂಗ್ ಸೆಂಟರಿಗೆ ಕಳಿಸುತ್ತಿದ್ದೆ. ಎಸಿ ರೂಮು, ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ರೊಟೇಷನಲ್ ಮೋಷನ್, ಅಂದರೆ ತಿರುಗುವ ವಸ್ತುಗಳ ಪಾಠ, ನಾಲ್ಕೇ ಕ್ಲಾಸಲ್ಲಿ ಮುಗಿಸಿಬಿಟ್ಟರು. ಮಗಳ ಕೈಗೆ ಒಂದು ಫಾರ್ಮುಲಾ ಚೀಟಿ ಬಂತು. ಯಾವ ಲೆಕ್ಕಕ್ಕೆ ಯಾವ ಫಾರ್ಮುಲಾ ಅಂತ ಕೇಳಿದರೆ ನನ್ನ ಮುಖ ನೋಡುತ್ತಿದ್ದಳು.

ಇಲ್ಲಿ ಅದೇ ಪಾಠಕ್ಕೆ ಏಳು ಭಾನುವಾರ. ನಾನೇ ಕರೆದುಕೊಂಡು ಹೋಗುವುದರಿಂದ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರುತ್ತೇನೆ. ಒಂದು ದಿನದ ಲೆಕ್ಕ ಹೇಳುತ್ತೇನೆ. ಎರಡು ಕೆಜಿಯ ರಾಟೆ, ತಟ್ಟೆಯ ಥರ ಗಟ್ಟಿಯಾದದ್ದು. ಅದಕ್ಕೆ ಹಗ್ಗ ಸುತ್ತಿ, ತುದಿಗೆ ಒಂದು ಕೆಜಿ ತೂಕದ ಬಟ್ಟು ಕಟ್ಟಿ ಬಿಟ್ಟರೆ ಬಟ್ಟಿನ ಅಕ್ಸೆಲರೇಷನ್, ಅಂದರೆ ವೇಗ ಏರುವ ದರ ಎಷ್ಟು? ಮಗಳು ಹಗ್ಗದ ಟೆನ್ಷನ್ (ಎಳೆತ) 10 ನ್ಯೂಟನ್ ಅಂತ ಬರೆದಳು. g 10 ಅಂತ ಹಿಡಿದರೆ ಬಟ್ಟಿನ ತೂಕ ಅಷ್ಟೇ ತಾನೇ! ಮೇಷ್ಟ್ರು ತಪ್ಪು ಅನ್ನಲಿಲ್ಲ. "ಭೂಮಿ 10 ಎಳೀತಿದೆ, ಹಗ್ಗಾನೂ 10 ಎಳೀತಿದೆ. ಹಾಗಾದ್ರೆ ಬಿಟ್ಟ ಬಟ್ಟು ಅಲ್ಲೇ ನಿಂತ್ಕೋಬೇಕಲ್ವೇನಮ್ಮ?" ಅಂದರು. ಅವಳು ಪೆನ್ಸಿಲ್ ಕಚ್ಚುತ್ತಾ ಎರಡು ನಿಮಿಷ ಕೂತಳು. ಆಮೇಲೆ ತಾನೇ ಅಳಿಸಿದಳು.

ಬಟ್ಟಿಗೆ ಬೇರೆ ಚಿತ್ರ, ರಾಟೆಗೆ ಬೇರೆ ಚಿತ್ರ. ಬಟ್ಟಿನ ಕಡೆಯಿಂದ 10ರಲ್ಲಿ ಟೆನ್ಷನ್ ಕಳೆದರೆ ಅಕ್ಸೆಲರೇಷನ್. ರಾಟೆಯ ಕಡೆ ಟಾರ್ಕ್ (ತಿರುಗಿಸುವ ಎಳೆತ) ಬರೆದರೆ ಈ ಲೆಕ್ಕದಲ್ಲಿ ಟೆನ್ಷನ್ನೂ ಅಕ್ಸೆಲರೇಷನ್ನೂ ಒಂದೇ ಅಂಕಿ. ಉತ್ತರ 5. "ಸಾರ್, ರೇಡಿಯಸ್ಸೇ ಕೊಟ್ಟಿಲ್ಲ" ಅಂತ ಒಬ್ಬ ಹುಡುಗ ಗೊಣಗುತ್ತಿದ್ದ. ಬೇಕಾಗಲೇ ಇಲ್ಲ, ಎರಡೂ ಕಡೆ ಹೊಡೆದುಹೋಯಿತು.

ಅಲ್ಲಿಗೂ ಬಿಡಲ್ಲ ಇವರು. ಎನರ್ಜಿಯಲ್ಲಿ ತಾಳೆ ನೋಡಲೇಬೇಕು. ಬಟ್ಟು ಎರಡೂವರೆ ಮೀಟರ್ ಇಳಿದರೆ 25 ಜೂಲ್. ಅದರಲ್ಲಿ ಹನ್ನೆರಡೂವರೆ ಬಟ್ಟಿಗೆ, ಹನ್ನೆರಡೂವರೆ ರಾಟೆ ತಿರುಗುವುದಕ್ಕೆ. ನಮ್ಮ ಶಾಪಿನ ಖರ್ಚು ವೆಚ್ಚ ಯಾವತ್ತೂ ಇಷ್ಟು ಚೆನ್ನಾಗಿ ತಾಳೆಯಾಗಿಲ್ಲ.

ಇನ್ನೊಂದು ದಿನ ಹಲಗೆ ಓರೆ ಇಟ್ಟು ಗೋಲಿ, ಕೇರಂ ಸ್ಟ್ರೈಕರ್, ಬಳೆ ಮೂರನ್ನೂ ಒಟ್ಟಿಗೆ ಉರುಳಿಸಿದರು. ಭಾರ ಇರುವುದೇ ಮುಂದೆ ಹೋಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಗೋಲಿ ಮೊದಲು, ಬಳೆ ಕೊನೆಗೆ. ತೂಕಕ್ಕೂ ಸೈಜಿಗೂ ಸಂಬಂಧವಿಲ್ಲವಂತೆ. ತೂಕ ನಡುವಿನಿಂದ ಎಷ್ಟು ದೂರ ಹರಡಿದೆ ಅನ್ನುವುದೇ ಮುಖ್ಯ. ದೂರ ಎರಡರಷ್ಟಾದರೆ ಮೊಮೆಂಟ್ ಆಫ್ ಇನರ್ಷಿಯಾ, ಅಂದರೆ ತಿರುಗಿಸಲು ಎಷ್ಟು ಕಷ್ಟ ಅನ್ನುವ ಅಳತೆ, ನಾಲ್ಕರಷ್ಟು.

ನನಗೆ ಥಟ್ಟನೆ ನಮ್ಮ ಪ್ರೆಸ್ಸಿನ ಫ್ಲೈವೀಲ್, ಅಂದರೆ ಅದರ ಭಾರದ ಚಕ್ರ ನೆನಪಾಯಿತು. ಅಂಚಿನಲ್ಲೇ ಯಾಕೆ ಅಷ್ಟು ದಪ್ಪ ಕಬ್ಬಿಣ ಅಂತ ಇಷ್ಟು ವರ್ಷ ಯೋಚನೆಯನ್ನೇ ಮಾಡಿರಲಿಲ್ಲ. ಮೋಟರ್ ಆಫ್ ಮಾಡಿದ ಮೇಲೂ ಅದು ತಿರುಗುತ್ತಲೇ ಇರುತ್ತದೆ. ಪೂರ್ತಿ ನಿಲ್ಲುವವರೆಗೆ ಡೈ (ತಗಡು ಒತ್ತುವ ಅಚ್ಚು) ಹತ್ತಿರ ಕೈ ಹಾಕಬೇಡ್ರೋ ಅಂತ ಹೊಸ ಹುಡುಗರಿಗೆ ಮೊದಲ ದಿನವೇ ಹೇಳುತ್ತೇನೆ. ಸೋಮವಾರ ಮಗಳನ್ನು ಶಾಪಿಗೆ ಕರೆದುಕೊಂಡು ಹೋಗಿ ತೋರಿಸಿದೆ. "ಅಪ್ಪಾ, ಇದು ಬಳೆ ಥರ ಅಲ್ವಾ?" ಅಂದಳು.

ಬೇಜಾರಿನ ವಿಷಯಗಳೂ ಇವೆ. ಸಿಇಟಿಯಲ್ಲಿ ಫಿಸಿಕ್ಸಿಗೆ 80 ನಿಮಿಷ, 60 ಪ್ರಶ್ನೆ. ಮೇಷ್ಟ್ರ ಕ್ಲಾಸಲ್ಲಿ ಎರಡೂವರೆ ಗಂಟೆಗೆ ಮೂರು ಲೆಕ್ಕ ಆದರೆ ಜಾಸ್ತಿ. ಸ್ಪೀಡ್ ಅನ್ನುವ ಮಾತೇ ಇಲ್ಲ. ಕೇಳಿದೆ. "ಅದು ಮನೇಲಿ ಮಾಡ್ಕೊಳ್ಳಲಿ ಬಿಡಿ ಸ್ವಾಮಿ" ಅಂದರು. ಹಾಗಾಗಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಮಗಳು ರಾತ್ರಿ ಗಡಿಯಾರ ಇಟ್ಟುಕೊಂಡು ತಾನೇ ಮಾಡುತ್ತಾಳೆ. ಪ್ರಿಂಟ್ ನೋಟ್ಸ್ ಕೊಡಲ್ಲ. ಮನೆಗೆ ಕೊಟ್ಟ ಲೆಕ್ಕದ ಉತ್ತರ ಒಂದು ವಾರ ಹೇಳಲ್ಲ. ಕರೆಂಟ್ ಹೋದರೆ ಫ್ಯಾನೂ ಇಲ್ಲ. ತಪ್ಪಿಸಿಕೊಂಡ ಕ್ಲಾಸನ್ನು ಮತ್ತೆ ತೆಗೆದುಕೊಳ್ಳುವ ಪದ್ಧತಿಯೂ ಇಲ್ಲ. ಜ್ವರ ಬಂದು ಒಂದು ವಾರ ಹೋಗದಿದ್ದಾಗ ಆಂಗ್ಯುಲರ್ ಮೊಮೆಂಟಮ್ ಪೂರ್ತಿ ಗೆಳತಿಯ ನೋಟ್‌ಬುಕ್ ನೋಡಿಯೇ ಕಲಿಯಬೇಕಾಯಿತು.

ಫೀಸು ತಿಂಗಳಿಗೆ 2,500, ಕೈಯಲ್ಲೇ ಕೊಡಬೇಕು. ಮುಂದಿನ ತಿಂಗಳಿಗೂ ಕೊಟ್ಟಿದ್ದೇನೆ. ಸೇರಿಸಬೇಕು ಅನ್ನುವವರು ಭಾನುವಾರ ಕ್ಲಾಸ್ ಮುಗಿದ ಮೇಲೆ ಹೋಗಿ ಮಾತಾಡಿ, ಮೇಷ್ಟ್ರು ಫೋನ್ ಎತ್ತುವುದಿಲ್ಲ. ಗಾಡಿ ಆ ಬೀದಿಯಲ್ಲಿ ನಿಲ್ಲಿಸಲು ಜಾಗ ಸಿಗಲ್ಲ. ನಾವು ದಾಸರಹಳ್ಳಿಯಿಂದ ಮೆಟ್ರೋದಲ್ಲೇ ಬರುತ್ತೇವೆ.